ಕ್ಲೌಡ್ ವಲಸೆಯ ವೃತ್ತಾಂತಗಳು: ಪ್ರಶಸ್ತಿಯೂ ಸಾಕ್ಷ್ಯವೂ

ಕಳೆದ ಹದಿನೈದು ಇಪ್ಪತ್ತು ವರ್ಷಗಳಿಂದ ವಾಣಿಜ್ಯ ಸಂಸ್ಥೆಗಳು ಲೆಕ್ಕಪತ್ರ, ಗ್ರಾಹಕರ ವಿವರ, ದೈನಂದಿನ ವ್ಯವಹಾರ ಇವುಗಳನ್ನು ನಡೆಸುವ ತಮ್ಮ ಕಂಪ್ಯೂಟರ್ ವ್ಯವಸ್ಥೆಗಳನ್ನು ಸ್ವಂತ ಕಟ್ಟಡಗಳಿಂದ ತೆಗೆದು, ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೊದಲಾದ ಕಂಪನಿಗಳು ಬಾಡಿಗೆಗೆ ಕೊಡುವ ಯಂತ್ರಾಗಾರಗಳಿಗೆ ಸಾಗಿಸುತ್ತ ಬಂದಿವೆ. ಇದಕ್ಕೆ ‘ಕ್ಲೌಡ್’ ಎಂಬ ಹೆಸರು ರೂಢವಾಗಿದೆ. ಹೆಸರು ಮೋಡದ್ದಾದರೂ ವಸ್ತು ಆಕಾಶದಲ್ಲಿಲ್ಲ. ಅದು ಬೇರೊಬ್ಬರ ನೆಲದಲ್ಲಿ, ಬೇರೊಬ್ಬರ ಕಾವಲಿನಲ್ಲಿರುವ ಯಂತ್ರಸಮೂಹ. ಈ ಸ್ಥಳಾಂತರದ ಕಷ್ಟಗಳನ್ನು ಕುರಿತು ಈಗಾಗಲೇ ವಿಪುಲವಾದ ಸಾಹಿತ್ಯ ಬೆಳೆದಿದೆ. ಚರಿತ್ರೆಯ ಅಧ್ಯಾಪಕನಿಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಯಂತ್ರಗಳ ವಿಚಾರದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಈ ಸಾಹಿತ್ಯದ ಬಹುಭಾಗವು ‘ನಡೆದದ್ದು ಹೀಗೆ’ ಎಂದು ಹೇಳುವ ವೃತ್ತಾಂತ. ವೃತ್ತಾಂತವನ್ನು ಯಾರು, ಯಾವಾಗ, ಯಾರ ಮುಂದೆ, ಯಾವ ಪ್ರಯೋಜನಕ್ಕಾಗಿ ಬರೆದರೆಂದು ವಿಚಾರಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಆ ವಿಚಾರಣೆಯನ್ನು ಕೆಲವು ದಾಖಲೆಗಳಿಗೆ ಅನ್ವಯಿಸಿ ನೋಡುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ.

ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ವರ್ಣಿಸುತ್ತ, ಪಲ್ಲವರ ಅರಸನು ಕಂಚಿಯ ಕೋಟೆಯ ಮರೆಯನ್ನು ಸೇರಬೇಕಾಯಿತೆಂದು ಹೇಳುತ್ತಾನೆ. ಅದಾದ ಕೆಲವೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನೇ ಹಿಡಿದನು. ಆ ಸೋಲಿನ ಸಂಗತಿಯನ್ನು ತಿಳಿಯಬೇಕಾದರೆ ನಾವು ಕೂರಂ ತಾಮ್ರಪಟದಂತಹ ಪಲ್ಲವರ ದಾಖಲೆಗಳ ಕಡೆಗೆ ಹೋಗಬೇಕು. ರವಿಕೀರ್ತಿ ಸುಳ್ಳಾಡಿದನೆಂದು ಇದರ ಅರ್ಥವಲ್ಲ. ಪ್ರಶಸ್ತಿಯು ವಿಜಯದ ಕಾಲದಲ್ಲಿ, ವಿಜೇತನ ಆಶ್ರಯದಲ್ಲಿ ಹುಟ್ಟುವ ಬರಹ; ಮುಂದೆ ಬರಲಿರುವುದು ಅದರ ಕಣ್ಣಿಗೆ ಬೀಳದು. ಕ್ಲೌಡ್ ವಲಸೆಯ ಸಾಹಿತ್ಯದಲ್ಲಿಯೂ ಐಹೊಳೆಯ ಶಾಸನಗಳುಂಟು, ಕೂರಂ ಪಟಗಳೂ ಉಂಟು. ಮೊದಲಿನವನ್ನು ಎಲ್ಲರೂ ಓದುತ್ತಾರೆ. ಎರಡನೆಯವನ್ನು ಓದುವವರು ವಿರಳ.

ಪ್ರಶಸ್ತಿಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು 2016ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯು ಹೊರಡಿಸಿದ ಪ್ರಕಟಣೆ. ಅದರ ಪ್ರಕಾರ, 2008ರ ಆಗಸ್ಟಿನಲ್ಲಿ ಕಂಪನಿಯ ದತ್ತಾಂಶ ಭಂಡಾರ ಕೆಟ್ಟು, ಮೂರು ದಿನಗಳ ಕಾಲ ಗ್ರಾಹಕರಿಗೆ ಡಿವಿಡಿಗಳನ್ನು ಕಳುಹಿಸುವುದು ಸಾಧ್ಯವಾಗಲಿಲ್ಲ. ಆಗ ಅಮೆಜಾನಿನ ಕ್ಲೌಡಿಗೆ ಹೋಗುವ ನಿರ್ಧಾರವಾಯಿತು. ಆ ಕೆಲಸ ಮುಗಿದದ್ದು 2016ರ ಜನವರಿಯಲ್ಲಿ, ಎಂದರೆ ಏಳು ವರ್ಷಗಳ ತರುವಾಯ. ಪ್ರಶಸ್ತಿಗಳಲ್ಲಿ ಇದು ಉತ್ತಮವಾದುದೆಂದು ಒಪ್ಪಲೇಬೇಕು. ಹಳೆಯ ವ್ಯವಸ್ಥೆಯನ್ನು ಇದ್ದಂತೆಯೇ ಎತ್ತಿ ಹೊಸ ಜಾಗದಲ್ಲಿಡುವುದು ಸುಲಭವಾಗಿತ್ತು. ಆದರೆ ಹಾಗೆ ಮಾಡಿದ್ದರೆ ಹಳೆಯ ದೋಷಗಳೂ ಅದರೊಡನೆ ಬರುತ್ತಿದ್ದುವು ಎಂಬ ಅದರ ಮಾತು ಅನುಭವದಿಂದ ಬಂದುದು. ಆ ಕಾರಣದಿಂದ ಒಂದೇ ದೊಡ್ಡ ಕಾರ್ಯಕ್ರಮವನ್ನು ನೂರಾರು ಚಿಕ್ಕ ಸೇವೆಗಳಾಗಿ ಒಡೆದು ಕಟ್ಟಬೇಕಾಯಿತು. ಹಣ ವಸೂಲಿಯ ಲೆಕ್ಕವೂ, ಗ್ರಾಹಕರ ಮತ್ತು ನೌಕರರ ವಿವರಗಳೂ ಕಟ್ಟಕಡೆಗೆ ಸಾಗಿದುವು.

ಹೀಗಿದ್ದರೂ, ದಾರಿಯ ತೊಡಕುಗಳ ವಿಷಯ ಬಂದಾಗ ಈ ಬರಹವು ಅವು ಅನಿವಾರ್ಯವೆಂದು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಆ ಅರ್ಧ ವಾಕ್ಯದೊಳಗೆ 2012ರ ಡಿಸೆಂಬರ್ 24 ಅಡಗಿದೆ. ಅಂದು ಅಮೆಜಾನಿನ ಕೆಲಸಗಾರನೊಬ್ಬನು ಕೈತಪ್ಪಿ, ಬರುವ ಬೇಡಿಕೆಗಳನ್ನು ಯಂತ್ರಗಳಿಗೆ ಹಂಚುವ ವ್ಯವಸ್ಥೆಯ ಮಾಹಿತಿಯನ್ನು ಅಳಿಸಿದ್ದರಿಂದ, ಕ್ರಿಸ್‌ಮಸ್ ಹಬ್ಬದ ಮುನ್ನಾದಿನವೇ ನೆಟ್‌ಫ್ಲಿಕ್ಸಿನ ಅನೇಕ ಗ್ರಾಹಕರಿಗೆ ಚಲನಚಿತ್ರ ದೊರೆಯಲಿಲ್ಲ. ಆ ಕಾಲದಲ್ಲಿ ಎರಡು ಕಂಪನಿಗಳೂ ಇದನ್ನು ವಿವರವಾಗಿಯೇ ಬರೆದು ಪ್ರಕಟಿಸಿದ್ದುವು. ಮೂರು ವರ್ಷಗಳ ಬಳಿಕ, ಗೆಲುವಿನ ಕಥೆಯಲ್ಲಿ, ಅದು ಹೆಸರಿಲ್ಲದೆ ಕರಗಿತು. ಘಟನೆಯ ಕಾಲದ ಟಿಪ್ಪಣಿಗೂ ಸಮಾರಂಭದ ಕಾಲದ ವೃತ್ತಾಂತಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇನ್ನು ಎರಡನೆಯ ಬಗೆಯ ದಾಖಲೆಗೆ ಬರೋಣ. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಕ್ಲೌಡನ್ನು ಮೊದಮೊದಲು ಪೂರ್ಣಮನಸ್ಸಿನಿಂದ ಅಪ್ಪಿದ ದೊಡ್ಡ ಬ್ಯಾಂಕುಗಳಲ್ಲಿ ಒಂದು. 2015ರಲ್ಲಿ ಅಮೆಜಾನಿನ ವಾರ್ಷಿಕ ಸಮ್ಮೇಳನದ ವೇದಿಕೆಯಿಂದ, ಸ್ವಂತ ಯಂತ್ರಾಗಾರಗಳಿಗಿಂತ ಕ್ಲೌಡಿನಲ್ಲಿಯೇ ತಾವು ಹೆಚ್ಚು ಭದ್ರವಾಗಿ ಕೆಲಸ ನಡೆಸಬಲ್ಲೆವೆಂದು ಬ್ಯಾಂಕಿನ ಮುಖ್ಯ ಮಾಹಿತಿ ಅಧಿಕಾರಿಯು ಸಾರಿದರು. 2019ರ ಮಾರ್ಚಿಯಲ್ಲಿ, ರಕ್ಷಣೆಗೆಂದು ಇಟ್ಟಿದ್ದ ಒಂದು ಫೈರ್‌ವಾಲ್ ಸರಿಯಾಗಿ ಹೊಂದಿಸಿರದ ಕಾರಣ, ಅದರ ಮೂಲಕ ಒಳಹೊಕ್ಕ ವ್ಯಕ್ತಿಗೆ ಸುಮಾರು 10 ಕೋಟಿ ಅಮೆರಿಕನ್ನರ ಮತ್ತು 60 ಲಕ್ಷ ಕೆನಡಿಯನ್ನರ ವಿವರಗಳು ದೊರೆತುವು. ಬ್ಯಾಂಕಿಗೆ ಸಂಗತಿ ತಿಳಿದದ್ದು ಸುಮಾರು ನಾಲ್ಕು ತಿಂಗಳ ಮೇಲೆ, ಜುಲೈಯಲ್ಲಿ; ಅದೂ ಹೊರಗಿನವರೊಬ್ಬರು ಬರೆದ ಪತ್ರದಿಂದ. 2020ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಬ್ಯಾಂಕುಗಳ ನಿಯಂತ್ರಣಾಧಿಕಾರಿಯು 8 ಕೋಟಿ ಡಾಲರ್ ದಂಡ ವಿಧಿಸಿ ಆಜ್ಞೆ ಹೊರಡಿಸಿದರು.

ಆ ಆಜ್ಞೆಯನ್ನು ಗಮನವಿಟ್ಟು ಓದಬೇಕು. ಅದರ ಮುಖ್ಯ ಆಕ್ಷೇಪಣೆ 2019ರ ಫೈರ್‌ವಾಲಿನ ಮೇಲಲ್ಲ. ಸುಮಾರು 2015ರಲ್ಲಿ, ತನ್ನ ವ್ಯವಸ್ಥೆಗಳನ್ನು ಕ್ಲೌಡಿಗೆ ಸಾಗಿಸುವುದಕ್ಕೆ ಮುಂಚೆ, ಅಪಾಯವನ್ನು ಅಳೆಯುವ ಸರಿಯಾದ ಕ್ರಮವನ್ನು ಬ್ಯಾಂಕು ಏರ್ಪಡಿಸಲಿಲ್ಲವೆಂಬುದೇ ಅದರ ಮೊದಲ ದೂರು. ಆಂತರಿಕ ಲೆಕ್ಕತನಿಖೆಯವರು ಅನೇಕ ದೌರ್ಬಲ್ಯಗಳನ್ನು ಕಂಡುಹಿಡಿಯಲಿಲ್ಲ. ಕಂಡುದನ್ನು ಸಮಿತಿಯ ಮುಂದೆ ಪರಿಣಾಮಕಾರಿಯಾಗಿ ಇಡಲಿಲ್ಲ. ಅವರು ಎತ್ತಿದ ಕೆಲವು ವಿಷಯಗಳಲ್ಲಿಯೂ ನಿರ್ದೇಶಕ ಮಂಡಲಿಯು ಆಡಳಿತಗಾರರನ್ನು ಹೊಣೆಗಾರರನ್ನಾಗಿ ಮಾಡಲಿಲ್ಲ. ಹಾಗಾದರೆ ಪ್ರಶಸ್ತಿಯ ವರ್ಷವೂ ದೋಷದ ವರ್ಷವೂ ಒಂದೇ ಆಯಿತು. ವೇದಿಕೆಯ ಮೇಲಿನ ಮಾತು ಆತ್ಮವಂಚನೆಯೆಂದು ನಾನು ಹೇಳುವುದಿಲ್ಲ. ಅಮೆಜಾನಿನ ಕಟ್ಟಡ, ಕಾವಲು, ಯಂತ್ರ ಇವು ಬ್ಯಾಂಕಿನ ಸ್ವಂತದವುಗಳಿಗಿಂತ ಭದ್ರವಾಗಿದ್ದಿರಬಹುದು. ಆದರೆ ಬಾಡಿಗೆ ಮನೆಯ ಗೋಡೆ ಗಟ್ಟಿಯಾಗಿದ್ದರೂ ಬೀಗ ಹಾಕುವ ಕೆಲಸ ಒಕ್ಕಲಿರುವವನದೇ. ಗೋಡೆ ಯಾರದು, ಬೀಗ ಯಾರದು ಎಂಬ ವಿಭಾಗವನ್ನು ಮನೆ ಬದಲಿಸುವುದಕ್ಕೆ ಮೊದಲೇ ನಿಶ್ಚಯಿಸಿಕೊಳ್ಳದಿರುವುದು ಈ ವಲಸೆಗಳ ಮೂಲ ತೊಡಕು. ಉಳಿದ ತೊಡಕುಗಳಲ್ಲಿ ಬಹುಪಾಲು ಇದರ ಶಾಖೆಗಳು.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಪ್ರಕರಣವು ಕಟ್ಟುನಿಟ್ಟಾಗಿ ಹೇಳುವುದಾದರೆ ಸಾರ್ವಜನಿಕ ಕ್ಲೌಡಿನದಲ್ಲ. ಆಗ ಸ್ಪೇನಿನ ಸಬಾಡೆಲ್ ಬ್ಯಾಂಕಿನ ಒಡೆತನದಲ್ಲಿದ್ದ ಅದು, ಲಾಯ್ಡ್ಸ್ ಬ್ಯಾಂಕಿನಿಂದ ಬಾಡಿಗೆಗೆ ಪಡೆದಿದ್ದ ಹಳೆಯ ವ್ಯವಸ್ಥೆಯನ್ನು ಬಿಟ್ಟು, ಸಬಾಡೆಲ್ ಬಳಗದ ಸಾಬಿಸ್ ಎಂಬ ಕಂಪನಿ ಕಟ್ಟಿದ ವ್ಯವಸ್ಥೆಗೆ 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಸಾಗಿತು. ಆದರೂ ವಲಸೆಯ ಕಷ್ಟಗಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸುವ ದಾಖಲೆ ಬೇರೊಂದು ಸಿಕ್ಕುವುದು ಕಷ್ಟವಾದುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. 52 ಲಕ್ಷ ಗ್ರಾಹಕರ ಮಾಹಿತಿ ಕ್ಷೇಮವಾಗಿಯೇ ಸಾಗಿತು. ಆದರೆ ಅದನ್ನು ಹೊರಬೇಕಾದ ಹೊಸ ವ್ಯವಸ್ಥೆ ತಕ್ಷಣವೇ ಕುಸಿಯಿತು. ಗ್ರಾಹಕರು ತಮ್ಮ ಖಾತೆಗಳನ್ನು ನೋಡಲಾರದೆ, ಹಣ ಪಾವತಿ ಮಾಡಲಾರದೆ ಪರದಾಡಿದರು. ಎಲ್ಲವೂ ಸಹಜ ಸ್ಥಿತಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ.

ಬ್ಯಾಂಕಿನ ನಿರ್ದೇಶಕ ಮಂಡಲಿಯೇ ನೇಮಿಸಿದ ಸ್ಲಾಟರ್ ಅಂಡ್ ಮೇ ಎಂಬ ವಕೀಲರ ಸಂಸ್ಥೆಯ ವರದಿ 2019ರ ನವೆಂಬರಿನಲ್ಲಿ ಪ್ರಕಟವಾಯಿತು. ಅದರ ಗುಣವೇನೆಂದರೆ, ಅದು ಯಂತ್ರದ ದೋಷದಲ್ಲಿ ನಿಲ್ಲದೆ ನಿರ್ಧಾರಗಳ ಜಾಡನ್ನು ಹಿಡಿದು ಹಿಂದಕ್ಕೆ ಹೋಗುತ್ತದೆ. ಮುಗಿಸಬೇಕಾದ ದಿನವನ್ನು ಮೊದಲು ನಿಶ್ಚಯಿಸಿ, ಕೆಲಸವನ್ನು ಅದಕ್ಕೆ ತಕ್ಕಂತೆ ಹಿಂದಿನಿಂದ ಹಂಚಿದ್ದು. ಹಂತಹಂತವಾಗಿ ಸಾಗಿಸುವ ಬದಲು ಬಹುಮಟ್ಟಿಗೆ ಒಂದೇ ಸಲಕ್ಕೆ ಸಾಗಿಸಲು ಗೊತ್ತುಮಾಡಿದ್ದು. ಎರಡು ಡೇಟಾ ಸೆಂಟರುಗಳು ಜೊತೆಯಾಗಿ ಕೆಲಸ ಮಾಡಬೇಕಾಗಿದ್ದಾಗ ಹೊರೆಯ ಪರೀಕ್ಷೆಯನ್ನು ಒಂದರಲ್ಲಿ ಮಾತ್ರ ನಡೆಸಿದ್ದು. ಸಾಬಿಸ್ ಸಿದ್ಧವಾಗಿದೆಯೇ ಎಂಬ ಪ್ರಶ್ನೆಯನ್ನು ನಿರ್ದೇಶಕರು ಸಾಕಷ್ಟು ಒತ್ತಿ ಕೇಳದೆ ಹೋದದ್ದು: ಇವು ಅದರ ನಿರ್ಣಯಗಳಲ್ಲಿ ಮುಖ್ಯವಾದುವು. ಇವುಗಳಲ್ಲಿ ಒಂದಾದರೂ ಕೇವಲ ಯಂತ್ರಜ್ಞನ ತಪ್ಪಲ್ಲ ಎಂಬುದು ಗಮನಾರ್ಹ. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಎರಡು ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ 4.865 ಕೋಟಿ ಪೌಂಡು ದಂಡ ಹಾಕಿದುವು. 2023ರಲ್ಲಿ ಅದರ ಹಿಂದಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡು ದಂಡ ಬಿದ್ದಿತು. ಕೆಲಸ ಮಾಡಿದ್ದು ಸಾಬಿಸ್. ಉತ್ತರ ಹೇಳಬೇಕಾದದ್ದು ಬ್ಯಾಂಕು.

ತಪ್ಪು ಪೂರ್ತಿಯಾಗಿ ಒದಗಿಸುವವರದೇ ಆದಾಗ ಏನಾಗುತ್ತದೆ? 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯು ಗೂಗಲಿನ ಕ್ಲೌಡಿನಲ್ಲಿ ಇಟ್ಟಿದ್ದ ವ್ಯವಸ್ಥೆ, ಗೂಗಲ್ ಕಡೆಯ ಒಂದು ಹೊಂದಾಣಿಕೆಯ ಲೋಪದಿಂದ ಅಳಿಸಿಹೋಯಿತು. ಎರಡು ಸ್ಥಳಗಳಲ್ಲಿ ಇಟ್ಟಿದ್ದ ಪ್ರತಿಗಳೂ ಒಂದೇ ಏಟಿಗೆ ಹೋದುವು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಈ ನಿಧಿಗೆ ನೆರವಾದ ಸಂಗತಿಗಳಲ್ಲಿ ಮುಖ್ಯವಾದುದು, ಇನ್ನೊಂದು ಕಂಪನಿಯಲ್ಲಿಯೂ ಪ್ರತಿ ಇರಿಸಿದ್ದ ಅದರದೇ ಮುಂದಾಲೋಚನೆ. ಖರ್ಚಿನ ವಿಚಾರವೂ ಹೀಗೆಯೇ. ಕ್ಲೌಡು ಅಗ್ಗವೆಂಬುದು ಪ್ರಶಸ್ತಿಗಳ ಸಾಮಾನ್ಯ ಪಲ್ಲವಿ. ಡ್ರಾಪ್‌ಬಾಕ್ಸ್ ಕಂಪನಿಯು 2018ರಲ್ಲಿ ಷೇರು ಮಾರಾಟಕ್ಕಾಗಿ ಸರ್ಕಾರಕ್ಕೆ ಸಲ್ಲಿಸಬೇಕಾಗಿ ಬಂದ ಪತ್ರದಲ್ಲಿ, ಅಮೆಜಾನಿನಿಂದ ಸ್ವಂತ ಯಂತ್ರಗಳಿಗೆ ಮರಳಿದ್ದರಿಂದ ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ವೆಚ್ಚ ತಗ್ಗಿತೆಂದು ತೋರಿಸಿತು. ಎಲ್ಲರೂ ಮರಳಬೇಕೆಂಬುದು ಇದರ ಪಾಠವಲ್ಲ. ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕು, ಬಾಡಿಗೆ ಕೊಡುವವನು ಹಾಕಿಕೊಟ್ಟದ್ದನ್ನು ನಂಬಬಾರದು ಎಂಬುದು ಪಾಠ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಿಯಂತ್ರಣಾಧಿಕಾರಿಯ ಆಜ್ಞೆಯೂ ವಕೀಲರ ವರದಿಯೂ ನಿಷ್ಪಕ್ಷಪಾತವಾದ ಚರಿತ್ರೆಯೇ? ಅಲ್ಲ. ಕೂರಂ ಪಟವೂ ಒಂದು ಪ್ರಶಸ್ತಿಯೇ. ಪಲ್ಲವರದು ಎಂಬುದಷ್ಟೇ ವ್ಯತ್ಯಾಸ. ದಂಡ ಹಾಕುವವನ ಬರಹದಲ್ಲಿ ದೋಷಗಳ ಸರಣಿ ನಿಜವಾಗಿ ಇದ್ದುದಕ್ಕಿಂತ ನೇರವಾಗಿ ಕಾಣುತ್ತದೆ. ಅಂದಿನ ಗೊಂದಲ, ಸಂದೇಹ, ಸದುದ್ದೇಶ ಇವು ಮರೆಯಾಗುತ್ತವೆ. ಯಶಸ್ವಿಯಾಗಿ, ಸದ್ದಿಲ್ಲದೆ ನಡೆದ ಅಸಂಖ್ಯ ವಲಸೆಗಳ ಬಗೆಗೆ ಯಾವ ಆಜ್ಞೆಯೂ ಹೊರಡುವುದಿಲ್ಲವೆಂಬುದನ್ನೂ ಮರೆಯಬಾರದು. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನಂಬುವುದು ವಿಮರ್ಶೆಯಲ್ಲ; ಎರಡನ್ನೂ ಎದುರುಬದುರು ಇಟ್ಟು ಓದುವುದು ವಿಮರ್ಶೆ. ಹಾಗೆ ಓದಿದಾಗ, ಎರಡು ಬಗೆಯ ದಾಖಲೆಗಳೂ ತಮಗರಿಯದಂತೆಯೇ ಒಪ್ಪುವ ಮಾತೊಂದು ಹೊರಬೀಳುತ್ತದೆ: ಯಂತ್ರವನ್ನು ಸಾಗಿಸಬಹುದು, ಹೊಣೆಯನ್ನು ಸಾಗಿಸಲಾಗದು. ನೆಟ್‌ಫ್ಲಿಕ್ಸ್ ಏಳು ವರ್ಷ ಶ್ರಮಿಸಿದ್ದು ಹೊಣೆಯನ್ನು ತನ್ನಲ್ಲಿಯೇ ಇಟ್ಟುಕೊಂಡು ವ್ಯವಸ್ಥೆಯನ್ನು ಮತ್ತೆ ಕಟ್ಟಿದ್ದರಿಂದ. ಟಿಎಸ್‌ಬಿ ಎಡವಿದ್ದು ಹೊಣೆಯೂ ಸಾಬಿಸ್ ಕಡೆಗೆ ಸಾಗಿತೆಂಬಂತೆ ನಡೆದುಕೊಂಡದ್ದರಿಂದ.

ನಮ್ಮ ದೇಶದ ಕಾನೂನು ಈ ಮಾತನ್ನು ಸ್ಪಷ್ಟವಾಗಿ ಅಂಗೀಕರಿಸಿದೆ. ಮಾಹಿತಿ ತಂತ್ರಜ್ಞಾನದ ಕೆಲಸವನ್ನು ಹೊರಗಿನವರಿಗೆ ವಹಿಸುವುದನ್ನು ಕುರಿತು ರಿಸರ್ವ್ ಬ್ಯಾಂಕು 2023ರ ಏಪ್ರಿಲಿನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿರ್ದೇಶನದಲ್ಲಿ, ಹೊರಗೆ ವಹಿಸಿದ ಮಾತ್ರಕ್ಕೆ ಬ್ಯಾಂಕಿನ ಹೊಣೆ ಕಡಮೆಯಾಗದೆಂಬ ತತ್ತ್ವವಿದೆ. ಕ್ಲೌಡಿಗೆ ಪ್ರತ್ಯೇಕವಾದ ಅನುಬಂಧವಿದೆ. ಒಳಹೋಗುವವರು ಹೊರಬರುವ ದಾರಿಯನ್ನೂ ಗೊತ್ತುಮಾಡಿಕೊಂಡಿರಬೇಕೆಂಬ ವಿಧಿಯಿದೆ.

ಕೊನೆಯದಾಗಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮೇಲೆ ಹೇಳಿದ ಎಲ್ಲ ದಾಖಲೆಗಳೂ ಮೇಲಿನವರ ದಾಖಲೆಗಳು: ಅಧಿಕಾರಿ, ನಿರ್ದೇಶಕ, ವಕೀಲ, ನಿಯಂತ್ರಕ. ರಾತ್ರಿಯೆಲ್ಲ ಎಚ್ಚರವಿದ್ದು ಒಂದೊಂದು ಪಟ್ಟಿಯನ್ನೂ ಸಾಗಿಸಿದವರ ಮಾತು ಅವುಗಳಲ್ಲಿ ವಿರಳ. ದೇಶವಿದೇಶಗಳ ಸಂಸ್ಥೆಗಳಿಗಾಗಿ ಈ ಕೆಲಸ ಮಾಡಿದ ಸಾವಿರಾರು ಮಂದಿ ಬೆಂಗಳೂರಿನಲ್ಲಿಯೇ ಇದ್ದಾರೆ. ‘ದಿನಾಂಕ ಸಾಧ್ಯವಿಲ್ಲ’ ಎಂದು ಯಾರು ಹೇಳಿದರು, ಯಾರಿಗೆ ಹೇಳಿದರು, ಹೇಳಿದ ಮೇಲೆ ಏನಾಯಿತು ಎಂಬುದನ್ನು ಅವರು ಬಲ್ಲರು. ಮಾಲೀಕರ ರಹಸ್ಯಗಳಿಗೆ ಕೈಹಾಕದೆ, ಅವರ ನೆನಪುಗಳನ್ನು ಈಗಲೇ ಬರೆದುಕೊಂಡರೆ ಮುಂದಿನ ಚರಿತ್ರಕಾರನಿಗೆ ಪ್ರಶಸ್ತಿಯೂ ಅಲ್ಲದ, ಆರೋಪಪತ್ರವೂ ಅಲ್ಲದ ಮೂರನೆಯ ಬಗೆಯ ಸಾಕ್ಷ್ಯ ದೊರೆತೀತು. ಕಲ್ಲಿನ ಶಾಸನ ಸಾವಿರ ವರ್ಷ ಕಾಯುತ್ತದೆ. ಮನುಷ್ಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ.