ಅನುಕರಣೆಯ ಪ್ರಾಮಾಣಿಕತೆ



ನಿಮ್ಮ ಮನೆಯ ಹದಿಹರೆಯದ ಮಗನ ಅಥವಾ ಮಗಳ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದ್ದರೆ, ಮುಚ್ಚಿದ ಕೋಣೆಯೊಳಗಿನಿಂದ ಒಂದೇ ನಾದಖಂಡ ಇಡೀ ಸಂಜೆ ಕೇಳಿಬರುವುದು ನಿಮಗೆ ಹೊಸದೇನಲ್ಲ. ಮೆಟಲ್ ಎಂದು ಕರೆಯಲಾಗುವ ಅಬ್ಬರದ ಸಂಗೀತದ ಹೆಸರಾಂತ ಗೀತೆಯೊಂದನ್ನು ಕಲಿತು, ಮನೆಯ ಕಂಪ್ಯೂಟರಿನಲ್ಲೇ ಧ್ವನಿಮುದ್ರಿಸಿಕೊಳ್ಳುವುದಕ್ಕೆ ಯುವಜನರು 'ಕವರ್' ಎನ್ನುತ್ತಾರೆ. ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ನೆನೆದರೆ, ಈ ಸಂಗೀತ ನಮ್ಮ ನಾಡಿಗೂ ದೂರದ್ದಲ್ಲ. ಇದರ ಬಗ್ಗೆ ಹಿರಿಯರು ಎತ್ತುವ ಆಕ್ಷೇಪಗಳು ಎರಡು. ಇದು ಸೈತಾನನ ಸಂಗೀತವೆಂಬುದು ಒಂದು, ಇದು ಬರೀ ನಕಲು ಎಂಬುದು ಮತ್ತೊಂದು. ಮೊದಲನೆಯದು ಅವಸರದ ತೀರ್ಪು. ಎರಡನೆಯದರಲ್ಲಿ ನಿಜವಾದ ಪ್ರಶ್ನೆಯೊಂದು ಅಡಗಿದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು ಹೊರಬಂತು. ಮೆಟಲ್ ಸಂಗೀತದ ಆರಂಭವನ್ನು ಅನೇಕ ವಿಮರ್ಶಕರು ಅಲ್ಲಿಂದಲೇ ಎಣಿಸುತ್ತಾರೆ. ತಂಡದ ಹೆಸರನ್ನೇ ಹೊತ್ತ ಅದರ ಮೊದಲ ಗೀತೆ ಮಳೆಯ ಸದ್ದು, ಗಂಟೆಯ ನಾದಗಳೊಂದಿಗೆ ಆರಂಭವಾಗುತ್ತದೆ. ಅನಂತರ ಬರುವುದು ಕೇವಲ ಮೂರು ಸ್ವರಗಳು: ಒಂದು ಸ್ವರ, ಅದರದೇ ಮೇಲಿನ ಸ್ಥಾಯಿ, ಆಮೇಲೆ ಆರು ಅರ್ಧಸ್ವರಗಳ ಅಂತರದಲ್ಲಿ ನಿಂತು ನಡುಗುವ ಇನ್ನೊಂದು. ಈ ಅಂತರಕ್ಕೆ 'ಸಂಗೀತದೊಳಗಿನ ಸೈತಾನ' ಎಂಬ ಹಳೆಯ ಲತೀನ್ ಹೆಸರುಂಟು. ಮಧ್ಯಯುಗದ ಧರ್ಮಸಭೆ ಇದನ್ನು ನಿಷೇಧಿಸಿತ್ತೆಂಬ ಕಥೆ ಬಹಳ ಪ್ರಚಾರದಲ್ಲಿದೆಯಾದರೂ ಅದಕ್ಕೆ ಚರಿತ್ರೆಯ ಆಧಾರವಿಲ್ಲ. ಹಾಡಲು ಕಷ್ಟ, ಕಿವಿಗೆ ಒರಟು ಎಂದು ಸ್ವರಸಂಯೋಜಕರು ಅದನ್ನು ದೂರವಿಟ್ಟಿದ್ದರು, ಅಷ್ಟೆ. ನಮ್ಮ ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಅಂತರ ಇದೇ ಅಲ್ಲವೇ? ಕಲ್ಯಾಣಿ ರಾಗವನ್ನು ಕೇಳಿ ಹೆದರಿದವರನ್ನು ನಾವು ಕಂಡಿಲ್ಲ.

ಆ ಗೀತೆಯಲ್ಲಿರುವುದೂ ಸೈತಾನನ ಆರಾಧನೆಯಲ್ಲ. ಕರಿಯ ಆಕೃತಿಯೊಂದನ್ನು ಕಂಡು ತತ್ತರಿಸಿದವನೊಬ್ಬ ದೇವರ ನೆರವಿಗಾಗಿ ಅದರಲ್ಲಿ ಮೊರೆಯಿಡುತ್ತಾನೆ. ತಂಡದ ಬಹುಪಾಲು ಗೀತೆಗಳನ್ನು ಬರೆದ ಗೀಜರ್ ಬಟ್ಲರ್ ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ ಬೆಳೆದವರು. 1971ರಲ್ಲಿ ಅವರು ಬರೆದ 'ಆಫ್ಟರ್ ಫಾರೆವರ್' ದೇವರನ್ನು ಗೇಲಿ ಮಾಡುವವರನ್ನೇ ಪ್ರಶ್ನಿಸುವ ಗೀತೆ. ಹಾಗೆಂದು ಮೆಟಲ್ ಸಂಗೀತವೆಲ್ಲ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ದೇವನಿಂದೆಯನ್ನೇ ಬಂಡವಾಳ ಮಾಡಿಕೊಂಡ ತಂಡಗಳೂ ಇವೆ. ಆದುದರಿಂದಲೇ ಸದ್ದನ್ನು ಕೇಳಿ ತೀರ್ಪು ಕೊಡದೆ, ಒಂದೊಂದು ಗೀತೆಯ ಮಾತನ್ನೂ ಓದಿ ವಿವೇಚಿಸಬೇಕಾಗಿದೆ.

ಈಗ ಎರಡನೆಯ ಆಕ್ಷೇಪಕ್ಕೆ ಬರೋಣ. ಅನುಕರಣೆಯಿಲ್ಲದೆ ಸಂಗೀತದ ಕಲಿಕೆಯೇ ಇಲ್ಲ. ಶಿಷ್ಯನು ಗುರುವಿನ ಹಿಂದೆ ಹಾಡುತ್ತಲೇ ಕಲಿಯುತ್ತಾನೆ. ಗುರುಮಠಗಳಲ್ಲಿ ನಾವು ಗ್ರೆಗೋರಿಯನ್ ಗಾನವನ್ನು ಕಲಿತದ್ದೂ ಹಿರಿಯರ ದನಿಗೆ ದನಿಗೂಡಿಸಿಯೇ. ಗಿಟಾರ್ ಕಲಿಯುವವರು ಬಳಸುವ 'ಟ್ಯಾಬ್' ಎಂಬ ಬರಹವೂ ಇಂದಿನದಲ್ಲ. 16ನೇ ಶತಮಾನದ ಐರೋಪ್ಯ ಲ್ಯೂಟ್ ವಾದಕರು ಅಂಥದೇ ಬರಹವನ್ನು ನೋಡಿ ನುಡಿಸುತ್ತಿದ್ದರು. ಆರು ಗೆರೆಗಳು ಆರು ತಂತಿಗಳನ್ನು, ಅಂಕಿಗಳು ಬೆರಳಿಡಬೇಕಾದ ಮೆಟ್ಟಿಲುಗಳನ್ನು ತೋರಿಸುತ್ತವೆ.

ಆದರೆ ಆ ಅಂಕಿಗಳು ಹೇಳದ ಸಂಗತಿಗಳು ಬಹಳ. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ತಮ್ಮ 17ನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಎಡಚರಾದ ಅವರಿಗೆ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗಳನ್ನು ಮಾಡಿಕೊಂಡರು. ತೆಳುವಾದ ತಂತಿಗಳನ್ನು ಹಾಕಿಕೊಂಡರು. 1971ರ ಧ್ವನಿಮುದ್ರಿಕೆಯ ಹಲವು ಗೀತೆಗಳಿಗೆ ತಂತಿಗಳ ಶ್ರುತಿಯನ್ನೇ ಮೂರು ಅರ್ಧಸ್ವರಗಳಷ್ಟು ಇಳಿಸಿದರು. ಮೆಟಲ್ ಸಂಗೀತದ ಆ ಭಾರವಾದ ನಾದದಲ್ಲಿ ಈ ಗಾಯದ ಪಾಲೂ ಇದೆ. ಒಳ್ಳೆಯ ಕವರ್ ನುಡಿಸುವವನು ಅಂಕಿಗಳನ್ನು ದಾಟಿ ಇದನ್ನು ಕೇಳಿಸಿಕೊಂಡಿರುತ್ತಾನೆ. ಸ್ವರವನ್ನು ಎಲ್ಲಿ ಹಿಡಿದು ನಿಲ್ಲಬೇಕು, ಅಂಗೈಯ ಅಂಚಿನಿಂದ ತಂತಿಯನ್ನು ಎಲ್ಲಿ ಅದುಮಬೇಕು, ಎರಡು ಸ್ವರಗಳ ನಡುವಣ ಮೌನ ಎಷ್ಟು ದೀರ್ಘವಾಗಿರಬೇಕು ಎಂಬುದು ಕಿವಿಯಿಂದಲೇ ತಿಳಿಯಬೇಕು.

ಧ್ವನಿಮುದ್ರಣದ ಹಂತದಲ್ಲಿ ಪರೀಕ್ಷೆ ಇನ್ನೂ ಕಠಿಣವಾಗುತ್ತದೆ. ಮೆಟಲ್ ಗೀತೆಗಳಲ್ಲಿ ಗಿಟಾರಿನ ಒಂದೇ ಭಾಗವನ್ನು ಎರಡು ಬಾರಿ ನುಡಿಸಿ, ಒಂದನ್ನು ಎಡಕಿವಿಗೂ ಇನ್ನೊಂದನ್ನು ಬಲಕಿವಿಗೂ ಕೇಳಿಸುವ ಪದ್ಧತಿಯಿದೆ. ಒಮ್ಮೆ ನುಡಿಸಿದ್ದನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡಿ ಎರಡೂ ಕಡೆ ಇಟ್ಟರೆ ಸಾಲದೇ? ಸಾಲದು. ಎರಡೂ ತದ್ರೂಪವಾಗಿರುವುದರಿಂದ ನಾದ ನಡುವಿನಲ್ಲೇ ಕೂಡಿಕೊಳ್ಳುತ್ತದೆ. ಸದ್ದು ಹೆಚ್ಚುತ್ತದೆಯೇ ಹೊರತು ವಿಸ್ತಾರ ಬರುವುದಿಲ್ಲ. ವಿಸ್ತಾರ ಹುಟ್ಟುವುದು ಎರಡನೆಯ ಬಾರಿ ಮತ್ತೆ ಕುಳಿತು ನುಡಿಸಿದಾಗ, ಮನುಷ್ಯನ ಕೈ ಸಹಜವಾಗಿ ಮಾಡುವ ಕೂದಲೆಳೆಯಷ್ಟು ವ್ಯತ್ಯಾಸದಿಂದ. ನಕಲಿಗೂ ಅನುಕರಣೆಗೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಅದೇ ಕಂಪ್ಯೂಟರ್ ಬೇರೆ ಅನುಕೂಲಗಳನ್ನೂ ಒಡ್ಡುತ್ತದೆ. ತಪ್ಪಿದ ಸ್ವರವನ್ನಷ್ಟೇ ಕತ್ತರಿಸಿ ಬೇರೆಯದನ್ನು ಅಂಟಿಸಬಹುದು. ತಾಳ ತಪ್ಪಿದ್ದನ್ನು ಎಳೆದು ಸರಿಪಡಿಸಬಹುದು. ನಿಧಾನವಾಗಿ ನುಡಿಸಿ ವೇಗ ಹೆಚ್ಚಿಸಬಹುದು. ಹೀಗೆ ಸಿದ್ಧವಾದ ಕವರ್‌ಗಳನ್ನು ಕೇಳಿದಾಗ ಒಂದೂ ತಪ್ಪು ಸಿಗುವುದಿಲ್ಲ, ಆದರೆ ನುಡಿಸಿದವನೂ ಸಿಗುವುದಿಲ್ಲ. ಮೂಲದ ಆ ಮೊದಲ ಧ್ವನಿಮುದ್ರಿಕೆಯಾದರೋ 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ, ಬಹುಪಾಲು ನಾಲ್ವರೂ ಒಟ್ಟಿಗೆ ನುಡಿಸಿ ಮುದ್ರಿಸಿದ್ದು. ಅಲ್ಲಿನ ಒರಟುತನವನ್ನು ಒರೆಸಿಹಾಕಿದ ಕವರ್ ಮೂಲಕ್ಕಿಂತ ಅಚ್ಚುಕಟ್ಟಾಗಿದ್ದರೂ ಮೂಲಕ್ಕೆ ನಿಷ್ಠವಲ್ಲ. ಸಣ್ಣ ತಿದ್ದುಪಡಿ ಪಾಪವೇನಲ್ಲ. ತನ್ನ ಕೈಗೆ ಬಾರದ್ದನ್ನು ಬಂದಂತೆ ತೋರಿಸಿ ಮೆಚ್ಚುಗೆ ಪಡೆಯುವುದು ಮಾತ್ರ ಕಲೆಗೂ ಆತ್ಮಕ್ಕೂ ಕೇಡು.

ಸಂತ ಅಗಸ್ಟೀನರು ತಮ್ಮ 'ಆತ್ಮನಿವೇದನೆ'ಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ತಮ್ಮನ್ನು ಹೆಚ್ಚು ಸೆಳೆಯುವುದೆಂದು ಕಳವಳಪಟ್ಟರು. ಆದರೂ ಧರ್ಮಸಭೆಯಿಂದ ಗಾನವನ್ನು ಹೊರಗಟ್ಟಿರೆಂದು ಅವರು ಹೇಳಲಿಲ್ಲ. ತಮ್ಮ ಹೃದಯವನ್ನು ತಾವೇ ಪರಿಶೀಲಿಸಿಕೊಂಡರು. ನಮ್ಮ ಯುವಜನರಿಗೂ ಕಲಿಸಬೇಕಾದ್ದು ಈ ಪರಿಶೀಲನೆಯನ್ನೇ.

ಆದುದರಿಂದ, ತಂದೆತಾಯಂದಿರೇ, ಆ ಮುಚ್ಚಿದ ಬಾಗಿಲನ್ನು ಬೈಗುಳದಿಂದ ಬಡಿಯಬೇಡಿ. ಭಾನುವಾರ ಗಾನವೃಂದದಲ್ಲಿ ಬಲಿಪೂಜೆಗೆ ಗಿಟಾರ್ ನುಡಿಸುವ ಕೈಗಳೂ ಅವೇ ಇರಬಹುದು. ಒಳಗೆ ಹೋಗಿ, ಕುಳಿತು, ಮುದ್ರಿಸಿದ್ದನ್ನು ಪೂರ್ತಿ ಕೇಳಿ. ಗೀತೆಯ ಅರ್ಥವೇನೆಂದು ವಿಚಾರಿಸಿ. ಬಳಿಕ, "ಕಂಪ್ಯೂಟರನ್ನು ಬದಿಗಿಟ್ಟು ಇದನ್ನು ಒಮ್ಮೆ ನಮ್ಮೆದುರು ನುಡಿಸು ಮಗು" ಎಂದು ಪ್ರೀತಿಯಿಂದ ಕೇಳಿ. ಅಲ್ಲಲ್ಲಿ ಬೆರಳು ಎಡವಿದರೂ ಚಿಂತೆಯಿಲ್ಲ. ಎಡವುತ್ತಲೇ ಕೊನೆಯವರೆಗೆ ನುಡಿಸಿದರೆ, ಆ ಮಗು ಕಲಿತದ್ದು ನಿಜ. ಅದನ್ನು ಮೆಚ್ಚಿ ಹೇಳಲು ಮರೆಯಬೇಡಿ.