ಮ್ಯಾಗಿಯ ಕೌದಿ

ಆಲಿಸ್ ವಾಕರ್ ಅವರ 'ಎವ್ರಿಡೇ ಯೂಸ್' (1973) ಕತೆಯನ್ನು ತರಗತಿಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಇಳಿಸಿಬಿಡುತ್ತೇವೆ: ಅಜ್ಜಿಯ ಕೌದಿಯನ್ನು ಹೊದೆಯಬೇಕೋ, ಗೋಡೆಗೆ ತೂಗುಹಾಕಬೇಕೋ? ಹೊರಗಿನಿಂದ ಬಂದ ಹಿರಿಮಗಳು ಡೀಗೆ ಅದು ಗೋಡೆಗೆ ಬೇಕು. ತಾಯಿ ಅದನ್ನು ಕಿರಿಮಗಳು ಮ್ಯಾಗಿಯ ಮದುವೆಗೆಂದು ಎತ್ತಿಟ್ಟಿದ್ದಾಳೆ.

ನನಗೆ ಮುಖ್ಯವೆನಿಸುವುದು ಬೇರೆ. ಆ ಎರಡು ಕೌದಿಗಳನ್ನು ಒಬ್ಬಳೇ ಮಾಡಿದ್ದಲ್ಲ. ತುಂಡುಗಳನ್ನು ಜೋಡಿಸಿದವಳು ಅಜ್ಜಿ. ಜಗಲಿಯಲ್ಲಿ ಚೌಕಟ್ಟಿಗೆ ಕಟ್ಟಿ ಹೊಲಿದವರು ತಾಯಿ ಮತ್ತು ಅವಳ ಸೋದರಿ ಬಿಗ್ ಡೀ. ಅಜ್ಜಿ ಉಟ್ಟ ಬಟ್ಟೆ, ಅಜ್ಜನ ಅಂಗಿ, ಅಂತರ್ಯುದ್ಧದಲ್ಲಿ ಮುತ್ತಜ್ಜ ತೊಟ್ಟ ಸಮವಸ್ತ್ರದ ಬೆಂಕಿಪೊಟ್ಟಣದಷ್ಟು ಚೂರು, ಎಲ್ಲ ಅಲ್ಲಿವೆ. ಪೂರ್ತಿ ಕೈಹೊಲಿಗೆಯೆಂದು ಡೀ ಬೆರಗಾಗುತ್ತಾಳೆ. ಆ ಬೆರಗು ಸುಳ್ಳಲ್ಲ (ಅವಳನ್ನು ಬರೀ ಶೋಕಿಯವಳೆಂದು ನಗುವವರು ಗಮನಿಸಬೇಕು). ಆದರೆ ಹೊಲಿಯಬಲ್ಲ ತಂಗಿ ಅವಳ ಲೆಕ್ಕಕ್ಕೇ ಬರುವುದಿಲ್ಲ. ಹರಿದರೆ ಮ್ಯಾಗಿ ಬೇರೆ ಹೊಲಿದುಕೊಳ್ಳುತ್ತಾಳೆ ಎಂದು ತಾಯಿ ಹೇಳಿದರೆ ಡೀಗೆ ರೇಗುತ್ತದೆ. ಅವಳಿಗೆ ಬೇಕಾದದ್ದು ಇವೇ ಕೌದಿಗಳು.

ಇನ್ನೊಂದು ವಿಷಯ. ಡೀ ಕಾಲೇಜಿಗೆ ಹೊರಟಾಗ ತಾಯಿ ಒಂದು ಕೌದಿ ಕೊಡಹೋಗಿದ್ದಳು. ಹಳೇ ಕಾಲದ್ದು, ಬೇಡ ಎಂದಿದ್ದಳು ಮಗಳು. ಅಂದು ಉಡುಗೊರೆಯಾಗಿ ಬೇಡವಾದದ್ದನ್ನು ಇಂದು ಆಸ್ತಿಯಾಗಿ ಕೇಳುತ್ತಿದ್ದಾಳೆ.

ವಾಕರ್ ಬಗ್ಗೆ ನನ್ನ ತಕರಾರೂ ಇದೆ. ಜಗಲಿಯ ಆ ಹೊಲಿಗೆಗೆ ಸಿಕ್ಕಿರುವುದು ಒಂದೇ ವಾಕ್ಯ. ಅಜ್ಜಿ ಮತ್ತು ಬಿಗ್ ಡೀ ಮ್ಯಾಗಿಗೆ ಹೊಲಿಗೆ ಕಲಿಸಿದ್ದಕ್ಕೂ ಅಷ್ಟೇ. ಹೆಂಗಸರು ಸುತ್ತ ಕೂತಾಗಿನ ಹರಟೆ, ನಗು, ಬೆರಳಿಗೆ ಚುಚ್ಚಿದ ಸೂಜಿ ಯಾವುದೂ ಕತೆಯಲ್ಲಿಲ್ಲ. ಮನೆಯಲ್ಲಿ ಕೌದಿ ಹೊಲಿಯುವುದನ್ನು ಕಂಡ ಉತ್ತರ ಕರ್ನಾಟಕದ ಓದುಗರು ಅದನ್ನು ತಾವೇ ತುಂಬಿಕೊಂಡು ಓದಬೇಕು.