ಶರೀಫರ ಗದ್ದುಗೆಯ ಮುಂದೆ

ಶಿಗ್ಗಾವಿ ತಾಲ್ಲೂಕಿನ ಶಿಶುನಾಳಕ್ಕೆ ಹೋದವರು ಸಂತಕವಿ ಶರೀಫರ ಗದ್ದುಗೆಯೆದುರು ಒಂದಷ್ಟು ಹೊತ್ತು ಸುಮ್ಮನೆ ಕೂರಬೇಕು. ಒಬ್ಬರು ಕಾಯಿ ಒಡೆಸುತ್ತಾರೆ, ಪಕ್ಕದಲ್ಲೇ ಇನ್ನೊಬ್ಬರು ಸಕ್ಕರೆ ಓದಿಸುತ್ತಾರೆ. ಊದಿನಕಡ್ಡಿಯ ಹೊಗೆ ಯಾರದೆಂದು ಹೇಳಲಾಗದು. ಅಲ್ಲಿನವರಿಗೆ ಇದು ನಿತ್ಯದ ಸಂಗತಿ. ನನಗೆ ಮಾತ್ರ ಕಣ್ಣು ತುಂಬಿಬಂತು.

1819ರಲ್ಲಿ ಇದೇ ಊರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲೆಯ ಮಾಸ್ತರರಾಗಿದ್ದರು. ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರು ಮುಸ್ಲಿಮರಾದ ಅವರನ್ನು ಶಿಷ್ಯನೆಂದು ಒಪ್ಪಿಕೊಂಡರು. ಜಾತಿಯವರು ಮುನಿದರೂ ಗುರುವಾಗಲಿ ಶಿಷ್ಯನಾಗಲಿ ಜಗ್ಗಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡಾಗ ಹಿಂದೂ, ಮುಸ್ಲಿಂ ಎರಡೂ ಪದ್ಧತಿಯಲ್ಲಿ ಸಂಸ್ಕಾರ ನಡೆಯಿತೆಂದು ಜನ ಇಂದಿಗೂ ನೆನೆಯುತ್ತಾರೆ.

ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಅವರ ತತ್ವಪದಗಳೇ. ಅವುಗಳಿಗೆ ಬೇಕಾದ ಸರಕೆಲ್ಲ ಮನೆ, ಹೊಲಗಳಲ್ಲೇ ಸಿಕ್ಕಿದ್ದು: ಸೋರುವ ಮಾಳಿಗೆ, ಕೋಳಿ, ಬಿದಿರು. ಆ ಕಾಲಕ್ಕೆ ಹೊಸದಾಗಿದ್ದ ಗಿರಣಿಯನ್ನೂ ಅವರು ಬಿಡಲಿಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮೊದಲು ನಗಿಸುತ್ತಾರೆ. ಅರ್ಥ ಆಮೇಲೆ ಎದೆಗೆ ನಾಟುತ್ತದೆ. ನಮ್ಮ ಅನುಭಾವ ಕಾವ್ಯದಲ್ಲಿ ಇಷ್ಟು ಹಗುರವಾಗಿ ಇಷ್ಟು ಆಳಕ್ಕಿಳಿದವರು ವಿರಳ.

ಸಿ. ಅಶ್ವತ್ಥ್ ಅವರ ಧ್ವನಿಯಲ್ಲಿ ಈ ಪದಗಳನ್ನು ಕೇಳಿ ಬೆಳೆದವರು ನಾವು. ಒಮ್ಮೆ ಆ ಸೀಮೆಯ ಭಜನಾ ಮೇಳದವರ ಬಾಯಲ್ಲೂ ಕೇಳಿ, ಏಕತಾರಿ, ದಮ್ಮಡಿಯ ಜೊತೆಗೆ.